ದೊಡ್ಡಬೀದಿಯಲ್ಲಿ ನಿಂತ ಗಾಡಿ

ಗಾಡಿ ನಿಂತದ್ದು ದೊಡ್ಡರಂಗಯ್ಯನ ಮನೆಯ ಮುಂದೆ, ಅವನು ಜಗಲಿಯ ಮೇಲೆ ಕುಳಿತು ನೋಡುತ್ತಿರುವಾಗಲೇ. ಗಾಡಿ ಓಡಿಸುತ್ತಿದ್ದ ಸನಾವುಲ್ಲಾ ಪೆಡಲು ತುಳಿದ. ಸೀಟಿನ ಕೆಳಗೆಲ್ಲೋ ಟಕ್ ಎಂದಿತು, ಹೂವಿನ ಕಮಾನಿನ ದೀಪಗಳು ಮಂಕಾಗಿ ಮತ್ತೆ ಬೆಳಗಿದವು, ಚಕ್ರ ಮಾತ್ರ ಕದಲಲಿಲ್ಲ. ಮತ್ತೆ ತುಳಿದ. ಮತ್ತೆ ಟಕ್. ಹಿಂದಿನ ಸೀಟಿನಲ್ಲಿ ಮದುಮಗ ಅಂಜನ್ ಕುಮಾರನ ಪಕ್ಕ ಕುಳಿತಿದ್ದ ಅನುಷಾ ಹಾರದ ಮೇಲಿಂದ ಬೀದಿಯ ಎರಡೂ ಬದಿ ನೋಡಿದಳು. ಜಗಲಿಗಳೆಲ್ಲ ತುಂಬಿದ್ದವು.

ಊರಾಚೆಯ ಕಾಲೊನಿಯ ಮದುವೆ ಮೆರವಣಿಗೆಯೊಂದು ಈ ದೊಡ್ಡಬೀದಿಗೆ ಬಂದದ್ದು ಇದೇ ಮೊದಲು. ಅನುಷಾಳ ಅಪ್ಪ ಗಂಗಯ್ಯನ ಮೆರವಣಿಗೆ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗಿತ್ತು; ಅವನಪ್ಪನಿಗೆ ಮೆರವಣಿಗೆಯೇ ಇರಲಿಲ್ಲ. ಕೊರಟಗೆರೆಯಲ್ಲಿ ಟೀಚರಾಗಿದ್ದ ಅನುಷಾ ದಿನವೂ ಇದೇ ಬೀದಿಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದಳು, ಯಾರೂ ಏನೂ ಅಂದದ್ದಿಲ್ಲ. ಬುರ್ರನೆ ದಾಟುವವರನ್ನು ಊರು ಸಹಿಸಿಕೊಳ್ಳುತ್ತದೆ. ದೀಪ ಹಾಕಿಕೊಂಡು, ಹಾಡು ಹಚ್ಚಿಕೊಂಡು ನಿಧಾನವಾಗಿ ಹೋಗುವುದು ಬೇರೆ ಮಾತು. ಬರುತ್ತೇನೆಂದಿದ್ದ ಕುದುರೆಯವನು ನಿನ್ನೆ ಫೋನ್ ಮಾಡಿ ಕುದುರೆಗೆ ಕಾಲುನೋವು ಎಂದುಬಿಟ್ಟಿದ್ದ. ಆಗ ಅಂಜನ್ ಶಿರಾದಿಂದ ಈ ಬ್ಯಾಟರಿ ಗಾಡಿಯನ್ನು ಗೊತ್ತುಮಾಡಿದ್ದ. ಯಾವುದೋ ಗಾಲ್ಫ್ ಮೈದಾನದಲ್ಲಿ ಸವೆದು, ಹರಾಜಾಗಿ, ಈಗ ಕಮಾನು ಕಟ್ಟಿಸಿಕೊಂಡು ಮದುವೆಗಳಿಗೆ ಓಡುವ ಮುದಿ ಗಾಡಿ.

ಸನಾವುಲ್ಲಾ ಮುಂದಿನ ಸೀಟು ಎತ್ತಿ ಹಿಡಿದ. ಒಳಗೆ ಆರು ಬ್ಯಾಟರಿಗಳು ಸಾಲಾಗಿದ್ದವು. ತಂತಿಗಳನ್ನು ಒಂದೊಂದಾಗಿ ಅಲುಗಾಡಿಸಿದ, ಸಡಿಲವಿದ್ದ ಒಂದನ್ನು ಬಿಗಿದ. ಏನೂ ಆಗಲಿಲ್ಲ. ಆಮೇಲೆ ಅಂಜನ್‌ಗೆ ಮುಂದೆ ಬಂದು ಪೆಡಲು ತುಳಿಯಲು ಹೇಳಿ ತಾನು ಮೀಟರು ಹಿಡಿದು ನೋಡುತ್ತ ಹೋದ. ನಾಲ್ಕು ಬ್ಯಾಟರಿಗಳಲ್ಲಿ ಮುಳ್ಳು ನೆಟ್ಟಗೆ ನಿಂತಿತು, ಕೊನೆಯ ಎರಡರಲ್ಲಿ ಧೊಪ್ಪನೆ ಬಿತ್ತು. ಕಮಾನಿನ ದೀಪಗಳಿಗೂ ಸ್ಪೀಕರಿಗೂ ತಂತಿ ಹೋದದ್ದು ಆ ಎರಡರಿಂದಲೇ. ಆರರ ಕರೆಂಟನ್ನು ದೀಪ ತಡೆಯುವುದಿಲ್ಲ ಎಂದು ತಾನೇ ಹಾಗೆ ಕಟ್ಟಿದ್ದಾಗಿ ಹೇಳಿ ಅವನು ಹಣೆ ಚಚ್ಚಿಕೊಂಡ. ಶಿರಾದ ಗಲ್ಲಿಗಳಿಗೆ ಅಷ್ಟು ಸಾಕಾಗುತ್ತಿತ್ತು. ಈ ಊರಿನ ಸುತ್ತು ದೊಡ್ಡದು.

"ಆರು ಎತ್ತಿನ ಗಾಡಿ ಮೇಡಂ ಇದು. ಎರಡು ಮಲಗಿಬಿಟ್ರೆ ಉಳಿದ ನಾಲ್ಕು ಏನ್ ಎಳೀತಾವೆ? ಲೈಟು, ಸ್ಪೀಕರು ತೆಗೆದ್ಬುಟ್ಟು ಐದ್ ನಿಮಿಷ ಬಿಟ್ರೆ, ಮೆಲ್ಲಕೆ ಹೊಂಟೋಗ್ತದೆ."

ಅದು ದೊಡ್ಡರಂಗಯ್ಯನಿಗೂ ಕೇಳಿಸಿತು. ಟವೆಲು ಹೆಗಲಿಗೆ ಹಾಕಿಕೊಂಡು ಇಳಿದು ಬಂದ. ಗಂಗಯ್ಯ ಎಂಬ ಹೆಸರಿನ ಕೊನೆಯ ‘ಅಯ್ಯ’ ಅವನ ಬಾಯಲ್ಲಿ ಯಾವತ್ತೂ ಹೊರಡುತ್ತಿರಲಿಲ್ಲ.

"ತೆಗೆದಾಕಿ ಹೊಂಟೋಗ್ರಪ್ಪ ಗಂಗ. ಬ್ಯಾಡ ಅಂದೋರ್ಯಾರು? ಬೀದಿ ಎಲ್ರುದೂವೆ. ಇಲ್ದಿದ್ರೆ ನಮ್ ಟ್ರ್ಯಾಕ್ಟರ್ ಕಳಿಸ್ತೀನಿ, ಒಂದ್ ಚಣದಾಗೆ ಎಳ್ದು ಆ ಕಡೀಕೆ ಬುಟ್ಟು ಬರ್ತದೆ."

ಗಾಡಿಯ ಮುಂದೆ ನಡೆದು ಬಂದಿದ್ದ ಗಂಗಯ್ಯ ಆಗಲೇ ತಂತಿಯ ಕಡೆ ಬಗ್ಗಿದ್ದ. "ಗಾಡಿ ಮುಂದಕ್ಕೋದ್ರೆ ಸಾಕು ಕಣಮ್ಮ," ಎಂದ ಮಗಳಿಗೆ ಮಾತ್ರ ಕೇಳುವ ಹಾಗೆ. "ಬೀದಿ ದಾಟಿದ್ ಮ್ಯಾಲೆ ಲೈಟು ಹಾಕ್ಕಳಣ."

"ದಾಟಿದ್ ಮ್ಯಾಲೆ ಯಾರಿಗ್ ತೋರ್ಸಕಪ್ಪ?"

ಗಂಗಯ್ಯನ ಕೈ ಅಲ್ಲೇ ನಿಂತಿತು. ದೀಪಗಳು ಇನ್ನೆಷ್ಟು ಹೊತ್ತು ಉರಿಯುತ್ತವೆ ಎಂದು ಅನುಷಾ ಸನಾವುಲ್ಲಾನನ್ನು ಕೇಳಿದಳು. ಎಳೆಯುವಷ್ಟು ಶಕ್ತಿ ಇಲ್ಲ, ಉರಿಯುವುದಕ್ಕೆ ಇನ್ನೂ ಒಂದು ಗಂಟೆ ತೊಂದರೆಯಿಲ್ಲ ಎಂದ ಅವನು. ಅನುಷಾ ದೊಡ್ಡರಂಗಯ್ಯನ ಕಡೆ ತಿರುಗಿದಳು.

"ಟ್ರ್ಯಾಕ್ಟರ್ ಬ್ಯಾಡಿ ಯಜಮಾನ್ರೆ. ನಮಗೇನು ಅವಸರ ಇಲ್ಲ."

ಅಂಜನ್ ಪೇಟ ಬಿಚ್ಚದೆಯೇ ಇಳಿದು ಗಾಡಿಯ ಹಿಂದಕ್ಕೆ ಹೋದ. ಸನಾವುಲ್ಲಾ ಸೀಟು ಮುಚ್ಚಿ, ಗಾಡಿಯನ್ನು ನ್ಯೂಟ್ರಲಿಗೆ ಹಾಕಿ ಅವನ ಪಕ್ಕ ನಿಂತ. ಕಾಲೊನಿಯ ಹುಡುಗರು, ಹೆಂಗಸರು, ಅಂಜನ್‌ನ ಸೋದರಮಾವಂದಿರು, ಸಿಕ್ಕ ಸಿಕ್ಕ ಕಡೆ ಕೈ ಕೊಟ್ಟರು. ಸ್ಟೇರಿಂಗು ಹಿಡಿಯಲು ಯಾರಾದರೂ ಬೇಕಿತ್ತು. ಅನುಷಾ ಸೀರೆಯ ನೆರಿಗೆ ಎತ್ತಿಕೊಂಡು ಮುಂದಿನ ಸೀಟಿಗೆ ಬಂದಳು. ಮದುಮಗನ ಕೈಲಿ ಗಾಡಿ ತಳ್ಳಿಸುವ ಮದುಮಗಳನ್ನು ಇವತ್ತೇ ಕಂಡೆವು ಎಂದು ಜಗಲಿಯಿಂದ ಯಾರೋ ಅಂದರು. ಇನ್ನು ಮೇಲೆ ದಿನಾ ತಳ್ಳೋದೇ, ಇವತ್ತೇ ಅಭ್ಯಾಸ ಆಗ್ಲಿ ಎಂದು ಹಿಂದಿನಿಂದ ಅಂಜನ್ ಉತ್ತರ ಕೊಟ್ಟ. ಕಾಲೊನಿಯ ಹೆಂಗಸರು ನಕ್ಕರು. ಗಾಡಿ ಉರುಳಿತು.

ಪಕ್ಕದ ಮನೆಯ ಜಗಲಿಗೆ ನೇರವಾಗಿ ಬಂದಾಗ ಅನುಷಾ ಬ್ರೇಕ್ ಒತ್ತಿದಳು. ತಳ್ಳುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಮತ್ತೇನು ಕೆಟ್ಟಿತೋ ಎಂದು ಗಂಗಯ್ಯ ಓಡಿ ಬಂದ. ಏನೂ ಕೆಟ್ಟಿಲ್ಲ ಎಂದಳು ಅವಳು. ಜಗಲಿಯ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಅವರೂ ತನ್ನನ್ನು ಪೂರ್ತಿ ನೋಡುವಷ್ಟು ಹೊತ್ತು ನಿಂತು, ಆಮೇಲೆ ಕಾಲು ತೆಗೆದಳು.

ಅದರಾಚೆಯ ಮನೆಯ ಮುಂದೆಯೂ ಒತ್ತಿದಳು. ಈ ಸಲ ಗಂಗಯ್ಯ ಓಡಿ ಬರಲಿಲ್ಲ, ಗಾಡಿಯ ಮುಂದೆಯೇ ನಿಂತುಕೊಂಡ.

ಮೂರನೆಯ ಮನೆ ಬಂತು. ಅನುಷಾಳ ಕಾಲು ಬ್ರೇಕಿಗೆ ಹೋಗುವ ಮೊದಲೇ, ಗಾಡಿಯ ಮುಂದೆ ನಡೆಯುತ್ತಿದ್ದ ಗಂಗಯ್ಯ ಬೀದಿಯ ನಡುಮಧ್ಯೆ ನಿಂತು, ಹಿಂದಿರುಗಿ ನೋಡದೆ, ಕೈ ಮೇಲೆತ್ತಿ ಎಲ್ಲರನ್ನೂ ನಿಲ್ಲಿಸಿದ.