ಉಕ್ಕಿನ ರಾಣಿಯ ಸೆರಗು

ಖಾನಾವಳಿಯ ನೀಲಗಂಗವ್ವ ಎಂದಿನಂತೆ ಮೈಗೆ ಸೆನ್ಸರ್ ಪಟ್ಟಿಗಳನ್ನು ಕಟ್ಟಿಕೊಂಡು ರೊಟ್ಟಿ ಬಡಿಯಲು ಕೂತಳು. ಈಗ ಊರಲ್ಲಿ ದುಡಿಯುವವರೆಲ್ಲ ಕಟ್ಟಿಕೊಳ್ಳುತ್ತಾರೆ. ಪಟ್ಟಿಗಳು ಸ್ಟುಡಿಯೋಗೆ ಕಳಿಸುವ ಅವರ ಕೈಕಾಲಿನ ಚಲನೆಯಿಂದಲೇ ಕಾರ್ಟೂನ್ ಸಿನಿಮಾದ ಬೊಂಬೆಗಳು ಆಡುವುದು.

ಸ್ಟುಡಿಯೋದಿಂದ ಫೋನ್ ಬಂತು.

"ಅವ್ವಾರ, ಆಗಾಗ ಮುಂಗೈ ತಲಿ ಕಡೆ ಒಯ್ತೀರಲ್ಲ, ಯಾಕ?"

"ಕೈತುಂಬ ಹಿಟ್ಟಿರ್ತದ. ಜಾರಿದ ಸೆರಗು ಮತ್ತ ಹೆಂಗ ಏರಿಸ್ಲಿ?"

"ನಿಮ್ಮ ಕೈಯಿಂದ ಆಡೋ ನಮ್ಮ ಸಿನಿಮಾದ ಉಕ್ಕಿನ ರಾಣಿಗೆ ಸೆರಗಿಲ್ಲರಿ. ಆ ಸೆರಗು ಏರಿಸೋದನ್ನ ತಗೀತೀವಿ."

"ತಗದ್ರ ನನ್ನ ಎರಡೂ ಕೈ ವಾಪಸ್ ಕೊಡ್ರಿ!"

ಸಿನಿಮಾ ಬಂದಾಗ ನೀಲಗಂಗವ್ವನೂ ಹೋದಳು. ತೆರೆಯ ಮೇಲೆ ಉಕ್ಕಿನ ರಾಣಿ ಗುಡ್ಡವೊಂದನ್ನು ಬಡಿದು ಬಡಿದು ರೊಟ್ಟಿಯಷ್ಟು ತೆಳ್ಳಗೆ ಮಾಡಿದಳು. ಆಮೇಲೆ ಮುಂಗೈಯಿಂದ, ಇಲ್ಲದ ಸೆರಗನ್ನು ಏರಿಸಿಕೊಂಡಳು.

ಮುಂದಿನ ಸಾಲಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಎದ್ದು ಕೂಗಿದಳು: "ಇಕಿ ನಮ್ಮಾಕಿ ನೋಡ್ರೆವ್ವಾ!"

ನೀಲಗಂಗವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು. ಕೈಯಲ್ಲಿ ಹಿಟ್ಟಿರಲಿಲ್ಲ. ಆದರೂ ಮುಂಗೈಯಿಂದಲೇ ಸೆರಗು ಏರಿಸಿಕೊಂಡಳು.