ಕೇತಮ್ಮ ಒಪ್ಪಿಸಿದ ನುಡಿ

ತಲೆಯ ಆಪರೇಷನ್‌ಗೆ ಮುಂಚೆ ತಾಯ್ನುಡಿಯನ್ನು ನಂಬಿಕಸ್ಥರ ತಲೆಯಲ್ಲಿ ಇಟ್ಟುಬರಬೇಕು, ಇಲ್ಲದಿದ್ದರೆ ಅಳಿಸಿಹೋಗುತ್ತದೆ ಎಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳುವಂತೆ ಕೇತಮ್ಮನಿಗೂ ಹೇಳಿದರು. ಅವಳ ನುಡಿ ಬಲ್ಲವರು ಉಳಿದಿದ್ದದ್ದು ಅವಳು ಮತ್ತು ಅವಳ ಅಕ್ಕ ಮಾತ್ರ. ಮುಪ್ಪಿನ ಅಕ್ಕ ಬೆಟ್ಟ ಇಳಿಯಲಾರಳು. ಹಾಗಾಗಿ ಕೇತಮ್ಮ ಅದನ್ನು ನಳಿನಿಗೆ ಒಪ್ಪಿಸಿದಳು. ಬೆಟ್ಟದವರ ರೀತಿರಿವಾಜು ಅಭ್ಯಾಸ ಮಾಡಲು ಬಂದ ನಳಿನಿ ಅವಳ ಮನೆಯಲ್ಲೇ ಉಂಡು ಮಲಗಿ, ಅವಳನ್ನು ಅವ್ವ ಎನ್ನುತ್ತಿದ್ದಳು.

ಗುಣವಾದ ಮೇಲೆ ಕೇತಮ್ಮ ಪಟ್ಟಣದ ನಳಿನಿಯ ಮನೆಗೆ ಹೋಗಿ, ಸಂತೆಯಲ್ಲಿ ಕಲಿತಿದ್ದ ಕನ್ನಡದಲ್ಲಿ ಕೇಳಿದಳು. “ಕೊಡು ಮಗಾ, ಮನೆಗೆ ಹೋಗ್ಬೇಕು.”

ನಳಿನಿ ತಲೆ ತಗ್ಗಿಸಿದಳು. “ಮ್ಯೂಸಿಯಂಗೆ ಕೊಟ್ಬಿಟ್ಟೆ ಅವ್ವಾ. ನಿನ್ನ ಹತ್ರ ಇದ್ದಿದ್ರೆ ನಿನ್ನ ಜೊತೆಗೇ ಸತ್ತುಹೋಗ್ತಿತ್ತು. ಇನ್ನು ವಾಪಸ್ ತೆಗೆಯೋಕಾಗಲ್ಲ.”

“ನನ್ನನ್ನ ಒಂದು ಮಾತು ಕೇಳ್ಬೇಕಿತ್ತು.”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

ಕೇತಮ್ಮ ಎದ್ದಳು. “ಇನ್ಮೇಲೆ ನನ್ನ ಅವ್ವ ಅನ್ನಬೇಡ.”

ಬೆಟ್ಟದಲ್ಲಿ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳಿಗೆ ಆ ನುಡಿ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ತಂಗಿಯ ಬೋಳು ತಲೆ ಸವರುತ್ತ ಏನೋ ಕೇಳಿದಳು. ಕೇತಮ್ಮ ಹೂಂ ಎಂದಳು. ಅಕ್ಕನ ಮುಖ ಬಾಡಿತು. ಅದೇ ಮಾತನ್ನು ಮತ್ತೊಮ್ಮೆ, ಎಳೆಮಗುವನ್ನು ಕೇಳುವಂತೆ, ನಿಧಾನವಾಗಿ ಕೇಳಿದಳು.