ಜಾಲರಿ ತೆಗೆದವನು

“ಆ ದಿನ ಬೆಲ್ಟಿನ ಮೇಲಿನ ಜಾಲರಿ ತೆಗೆದವರು ಯಾರು?” ಬೇಳೆ ಮಿಲ್ಲಿನ ಪರ ವಕೀಲರು ಕೇಳಿದರು.

ಕಟಕಟೆಯಲ್ಲಿ ನಿಂತಿದ್ದ ಪೀರಪ್ಪ ಉತ್ತರಿಸಿದ. “ಸಿಕಂದರನೇ ತೆಗ್ದಾನ್ರಿ. ನಾ ಕಣ್ಣಾರೆ ನೋಡೀನ್ರಿ.”

ಆಳಂದದ ಕೋರ್ಟಿನಲ್ಲಿ ಅದನ್ನು ಟೈಪು ಮಾಡಿಕೊಳ್ಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಸಿಕಂದರ ಎದುರಿನ ಬೆಂಚಿನಲ್ಲಿ ಕೂತಿದ್ದ. ಅವನ ಬಲಗೈ ಮಣಿಕಟ್ಟಿಗೇ ಮುಗಿದಿತ್ತು. ತಲೆ ಎತ್ತಿ ಪೀರಪ್ಪನನ್ನು ಒಮ್ಮೆ ನೋಡಿದ, ಅಷ್ಟೆ. ಸಿಕಂದರನ ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಪೀರಪ್ಪ ಅದನ್ನೇ ಹೇಳಿದ.

ಜಾಲರಿ ತೆಗೆದದ್ದು ಪೀರಪ್ಪ. ಮಿಲ್ಲಿನಲ್ಲಿ ಎಲ್ಲರೂ ತೆಗೆಯುತ್ತಿದ್ದರು. ತೊಗರಿ ಸಿಕ್ಕಿಕೊಂಡಾಗಲೆಲ್ಲ ಮಷೀನು ನಿಲ್ಲಿಸುತ್ತ ಕೂತರೆ ಬೈಗುಳ ತಪ್ಪುತ್ತಿರಲಿಲ್ಲ. ಅಂದು ಅವನು ಬೋಲ್ಟು ಬಿಚ್ಚಿ, ಜಾಲರಿಯನ್ನು ಗೋಡೆಗೆ ಆನಿಸಿಟ್ಟು, ತಿರುಗಿ ಹಾಕುವುದನ್ನು ಮರೆತು ಬೀಡಿ ಸೇದಲು ಹೋದ. ಅವನ ಜಾಗಕ್ಕೆ ಸಿಕಂದರ ಬಂದು ನಿಂತ. ಕೆಲಸಗಾರ ತಾನೇ ಬೇಕೆಂದು ಜಾಲರಿ ತೆಗೆದಿದ್ದರೆ ಪರಿಹಾರ ಸಿಗುವುದಿಲ್ಲವೆಂದು ಮಿಲ್ಲಿನ ವಕೀಲರು ನಿನ್ನೆಯೇ ಬಿಡಿಸಿ ಹೇಳಿದ್ದರು. ಸಿಕಂದರ ತೆಗೆದಿಲ್ಲ ಅಂದರೆ ಮತ್ಯಾರು ತೆಗೆದರು ಎಂದು ಮಾಲೀಕರು ಕೇಳುತ್ತಾರೆ ಎಂದೂ ಸೇರಿಸಿದ್ದರು.

ಕೆಲಸ ಹೋಗುವ ಹೆದರಿಕೆಯನ್ನು ಪೀರಪ್ಪ ತನ್ನೊಳಗೆ ಒಪ್ಪಿಕೊಂಡಿದ್ದ. ಒಪ್ಪಿಕೊಳ್ಳದ್ದು ಇನ್ನೊಂದಿತ್ತು. ಸಿಕಂದರನಿಗೆ ಪರಿಹಾರ ಬರುತ್ತದಂತೆ, ಮನೆಯ ಮೇಲಿನ ಪತ್ರಾಸು ತಗಡು ತೆಗೆದು ಸ್ಲ್ಯಾಬ್ ಹಾಕಿಸುತ್ತಾನಂತೆ ಎಂದು ಚಹಾದಂಗಡಿಯಲ್ಲಿ ಕೇಳಿದ ದಿನ ಅವನ ಹೊಟ್ಟೆ ಉರಿದಿತ್ತು. ಹದಿಮೂರು ವರ್ಷ ಅದೇ ಮಷೀನಿಗೆ ದುಡಿದ ತನ್ನ ನೆಟ್ಟಗಿನ ಎರಡು ಕೈಗಳಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ಕೈ ಕಳೆದುಕೊಂಡವನನ್ನು ಕಂಡೂ ಮನುಷ್ಯ ಕರುಬಬಲ್ಲ. ಕಾನೂನು ಬರೆದವರಿಗೆ ಇದು ಗೊತ್ತಿತ್ತೋ ಇಲ್ಲವೋ.

ಹೊರಗೆ ಬಂದವನೇ ಗೇಟಿನ ಕಡೆ ದಾಪುಗಾಲು ಹಾಕಿದ. ಬೇವಿನ ಮರದ ಕೆಳಗಿನಿಂದ ಸಿಕಂದರನ ಹೆಂಡತಿ ಮದೀನಾಬಿ ಕೂಗಿದಳು. ಒಳಗೆ ಬರಲು ಅಂಜಿ ಅವಳು ಬೆಳಗಿನಿಂದ ಅಲ್ಲೇ ಕೂತಿದ್ದಳು.

“ಪೀರಪ್ಪಣ್ಣಾ, ಹಂಗೇ ಹೊಂಟ್ರ್ಯಾ? ಉಂಡು ಹೋಗ್ರಿ.”

ಮಿಲ್ಲಿನಿಂದ ಮತ್ತೊಂದು ನರಪಿಳ್ಳೆಯೂ ಬರಲಿಲ್ಲ, ನೀವೊಬ್ಬರಾದರೂ ಪಗಾರ ಬಿಟ್ಟು ನಮ್ಮ ಪರ ಸಾಕ್ಷಿ ಹೇಳಲು ಬಂದಿರಿ ಎನ್ನುತ್ತ ಬುತ್ತಿ ಬಿಚ್ಚಿದಳು. ಅಷ್ಟರಲ್ಲಿ ಸಿಕಂದರನೂ ಹೊರಗೆ ಬಂದು ಅವಳ ಪಕ್ಕ ಕೂತಿದ್ದ. ಪೀರಪ್ಪ ಅವನ ಮುಖ ನೋಡಿದ.

“ಕುಂದ್ರಲೇ,” ಸಿಕಂದರ ಮೆಲ್ಲಗೆ ಅಂದ. “ಆಕಿಗಿ ನಾ ಇನ್ನಾ ಏನೂ ಹೇಳಿಲ್ಲ.”

ಪೀರಪ್ಪ ಕೂತ. ಮದೀನಾಬಿ ಅವನ ಮುಂದೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟಳು. ಆಮೇಲೆ ಒಂದು ತುತ್ತು ಮಾಡಿ ಗಂಡನ ಬಾಯಿಗಿಟ್ಟಳು. ಎಡಗೈಯಿಂದ ಉಣ್ಣುವುದಿಲ್ಲವೆಂದು ಹಟ ಹಿಡಿದಿದ್ದಾನೆ, ಎರಡು ವರ್ಷದಿಂದ ಹೊತ್ತುಹೊತ್ತಿಗೂ ತಾನೇ ತಿನಿಸುತ್ತೇನೆ ಎಂದಳು. “ಸಣ್ಣ ಕೂಸಾಗ್ಯಾರ ನೋಡ್ರಿ, ನಿಮ್ಮ ದೋಸ್ತ.” ಸಿಕಂದರನೂ ನಕ್ಕ.

ಬಾಟಲಿಯಲ್ಲಿ ನೀರಿರಲಿಲ್ಲ. ಮದೀನಾಬಿ ಸೆರಗು ಕೊಡವಿ ಎದ್ದಳು. “ನೀರು ತರ್ತೀನಿ. ಅಲ್ಲೀತನಾ ಇವರಿಗಿ ನಾಕ ತುತ್ತು ತಿನಸ್ರಿ, ಅಣ್ಣಾ.”

ಪೀರಪ್ಪ ರೊಟ್ಟಿ ಮುರಿದ. ತುಂಡು ದೊಡ್ಡದಾಯಿತು, ಮತ್ತೆ ಮುರಿದ. ಪಲ್ಯ ಹಚ್ಚುವಾಗ ಅರ್ಧ ನೆಲಕ್ಕೆ ಬಿತ್ತು.

“ತಿನಸಲೇ, ಆಕಿ ಬರೋದ್ರಾಗ,” ಎಂದು ಸಿಕಂದರ ಕಣ್ಣು ಮುಚ್ಚಿ ಬಾಯಿ ತೆರೆದ.